ದೋಣಿ ದಾರಿಯಲ್ಲಿ ಕಾರಂಜಿ ಎಬ್ಬಿಸಿದವರಿಗೆ

ಕಡಲತೀರ ಪ್ರವಾಸಿ ಮಂಡಳಿಯ ಘನ ಅಧ್ಯಕ್ಷರಾದ ಮಾನ್ಯರೇ,

ತಾವು ಕಟ್ಟಿಸಿದ ದಡದ ಗೋಡೆಯ ಹಿಂದಿನಿಂದ ಮೀನುಗಾರರ ಕೇರಿಯವರೆಲ್ಲರ ನಮಸ್ಕಾರಗಳು.

ಕೊಟ್ಟ ಮಾತು: ಗೋಡೆಯ ನಡುವೆ ದೋಣಿ ಎಳೆಯಲು ದಾರಿ, ಬಲೆ ಒಣಗಿಸಲು ಮರಳು. ಸಿಕ್ಕಿದ್ದು: ದಾರಿಯಿದ್ದಲ್ಲಿ ಕಾರಂಜಿ, ಮರಳಿನ ತುಂಬ ಬಣ್ಣದ ಕೊಡೆ, ನಮ್ಮನ್ನು ತಡೆಯಲು ಒಬ್ಬ ಕಾವಲುಗಾರ.

ತಮ್ಮ ಕೈಪಿಡಿಯಲ್ಲಿ ಊರಿನ ಇತಿಹಾಸ ಓದಿ ಪುಳಕಿತರಾದೆವು. ಗಾಳಿ ಬದಲಾವಣೆಗೆ ಬಂದ ಕೆಮ್ಮಿನ ದೊರೆಯೊಬ್ಬ ಈ ಊರನ್ನು ಕಂಡುಹಿಡಿದನಂತೆ. ಅವನನ್ನು ಹೆಗಲ ಮೇಲೆ ಹೊತ್ತು ದಡಕ್ಕಿಳಿಸಿದ ನಮ್ಮ ಮುತ್ತಜ್ಜಂದಿರನ್ನು ಮಾತ್ರ ಯಾರೂ ಇನ್ನೂ ಕಂಡುಹಿಡಿದಿರಲಿಲ್ಲವೆಂದು ಕಾಣುತ್ತದೆ. ವಸ್ತುಸಂಗ್ರಹಾಲಯದ ಫಲಕವಂತೂ, ಇಲ್ಲಿ ಹಿಂದೊಮ್ಮೆ ಮೀನುಗಾರರೆಂಬ ಜನ ಬಾಳಿ ಮರೆಯಾದರೆಂದು ಹೇಳಿ ಕಣ್ಣೀರು ತರಿಸುತ್ತದೆ. ಅದರ ಕೆಳಗೆ ಬಲೆ ಹೆಣೆಯುತ್ತಿರುವ ಹೆಂಗಸಿನ ಫೋಟೋ ನನ್ನ ಅತ್ತೆಯದು. ವಿಷಯ ತಿಳಿಸಿದಾಗ ಆಕೆ ಕೈಯ ಬಲೆಯನ್ನು ಕೆಳಗಿಡದೆಯೇ ಅಂದದ್ದಿಷ್ಟು: "ನಾನು ಸತ್ತಿದ್ದು ಯಾವತ್ತು ಅಂತ ಕೇಳ್ಕೊಂಡು ಬಾರೇ. ಅವತ್ತು ಅಡುಗೆ ಯಾರು ಮಾಡಿದ್ರೋ ನೋಡೋಣ."

ಆಕರ್ಷಣೆಗಳಿಗೆಲ್ಲ ಕಳಶವಿಟ್ಟಂತಿರುವುದು ಸಂಜೆಯ ಬಲೆ ಎಳೆಯುವ ಪ್ರದರ್ಶನ. ಮರೆಯಾದ ನಮ್ಮ ಗಂಡಸರನ್ನೇ ಕರೆಸಿ, ಹೊಸ ಬಟ್ಟೆ ತೊಡಿಸಿ, ಖಾಲಿ ಬಲೆ ಎಳೆಸುತ್ತೀರಿ. ಮೀನು ಬಿದ್ದರೆ ಅತಿಥಿಗಳಿಗೆ ವಾಸನೆ ಬರುತ್ತದಂತೆ. ಹೋದ ವಾರ ನನ್ನ ಗಂಡನಿಗೆ ತಮ್ಮ ಮೇಲ್ವಿಚಾರಕರು, ನೀನು ಮೀನುಗಾರನ ಹಾಗೇ ಕಾಣಲ್ಲ, ಸ್ವಲ್ಪ ಕಲಿತುಕೊ ಎಂದು ಬುದ್ಧಿ ಹೇಳಿದರು. ಅವರ ಸಹನೆಗೆ ನಾವು ಚಿರಋಣಿಗಳು.

ಮಾನ್ಯರೇ, ಹಂಗಾಮು ಬಂತು. ದೋಣಿಗಳು ಗೋಡೆಯ ಈಚೆ ನಾಯಿಗಳು ಮಲಗುವ ಜಾಗವಾಗಿವೆ. ಈ ಹಂಗಾಮೂ ತಪ್ಪಿದರೆ ಹಲಗೆ ಬಿರಿದು ಅವು ಮತ್ತೆ ನೀರಿಗಿಳಿಯುವುದಿಲ್ಲ. ಆಗ ನಾವು ನಿಜಕ್ಕೂ ತಮ್ಮ ಫಲಕಕ್ಕೇ ಸೇರುತ್ತೇವೆ. ಆದ್ದರಿಂದ ದಾರಿ ಬಿಡುವುದು ಕಷ್ಟವಾದರೆ ಕಡಲಿಗೇ ಒಂದು ಆದೇಶ ಹೊರಡಿಸಿ, ಅದು ಊರು ಸುತ್ತಿ ನಮ್ಮ ಹಿತ್ತಿಲಿಗೆ ಬರಲಿ. ಮೀನುಗಳು ಸೆಂಟು ಪೂಸಿಕೊಂಡು ಹೋಟೆಲಿನ ಮೆಟ್ಟಿಲು ಹತ್ತಿ ಬರಲಿ. ತಮ್ಮ ಮಾತು ಮೀರಲು ಅವೇನು ನಮ್ಮಂಥವೇ?

ಹಿಂದೊಮ್ಮೆ ಬಾಳಿ ಮರೆಯಾದ,
ಆದರೂ ತಮ್ಮ ವಿಶ್ವಾಸಿ,
ಬಲೆ ಹೆಣೆಯುವವಳು

ಮರೆಯಬಾರದ ಮಾತು: ಒಂದೇ ಒಂದು ಫೋಟೋಕ್ಕೆಂದು ಕೇಳಿ ಪಡೆದ ನಮ್ಮ ಮಾವನ ದೋಣಿಯನ್ನು ನಡುವೆ ಇಟ್ಟುಕೊಂಡೇ ಸುತ್ತಲೂ ವಸ್ತುಸಂಗ್ರಹಾಲಯ ಕಟ್ಟಿಸಿದ್ದೀರಿ; ಬಾಗಿಲು ದೋಣಿಗಿಂತ ಕಿರಿದು. ಅದೂ ಈ ಹಂಗಾಮಿಗೆ ಬೇಕು. ಕಡಲಿಗಿಳಿಸಬೇಕಾದರೆ ಎರಡು ಗೋಡೆ ಒಡೆಯಬೇಕು: ವಸ್ತುಸಂಗ್ರಹಾಲಯದ್ದೊಂದು, ದಡದ್ದೊಂದು. ಯಾವುದು ಮೊದಲು ಎಂಬುದನ್ನು ತಮ್ಮ ಇಷ್ಟಕ್ಕೇ ಬಿಟ್ಟಿದ್ದೇವೆ. ಹಾರೆ ನಾವೇ ತರುತ್ತೇವೆ. ಕೇರಿಯವರೆಲ್ಲ ಸೇರುವ ಸಭೆ ಕಾರಂಜಿಯ ಮುಂದೆ, ಸೋಮವಾರ, ಬೆಳಗ್ಗೆ ಹತ್ತಕ್ಕೆ.