ಮಕ್ತುಮನ ಪಾಲಿನ ಹಲ್ಲುಗಳು

ಮನುಷ್ಯನನ್ನು ಮೃಗದಿಂದ ಬೇರೆ ಮಾಡಿದ್ದು ಆಯುಧವಲ್ಲ, ಮೊಂಡಾದ ಆಯುಧವನ್ನು ಮತ್ತೆ ಹರಿತ ಮಾಡಿಕೊಳ್ಳುವ ಬುದ್ಧಿ. ಈ ಲೆಕ್ಕದಲ್ಲಿ ನಾನು ನಲವತ್ತು ವರ್ಷ ಮೃಗಗಳ ಪಂಕ್ತಿಯಲ್ಲೇ ಕೂತು ಉಂಡವನು. ನನ್ನ ಪೆನ್ಸಿಲನ್ನು ಇವತ್ತಿಗೂ ಹೆಂಡತಿಯೇ ಈಳಿಗೆಯ ಮೇಲೆ ಚೂಪು ಮಾಡಿಕೊಡುತ್ತಾಳೆ. ಇಂಥವನು ಮೂರು ದಿನ ಸೊಲ್ಲಾಪುರದ ಪೇಟೆಯೆಲ್ಲ ಅಲೆದು, ಗರಗಸದ ಹಲ್ಲು ಮಸೆಯುವ ಅರವೊಂದನ್ನು ಆರಿಸಿ ತಂದ ಎಂದರೆ ಯಾರಿಗಾದರೂ ನಗು ಬಂದೀತು. ನಗುವವರು ಈಗಲೇ ನಕ್ಕುಬಿಡುವುದು ಒಳ್ಳೆಯದು.

ನಾನು ಸ್ಟೇಷನ್ನಿನ ಹತ್ತಿರ ಶೇಟಜಿಯವರ ಕಟ್ಟಿಗೆ ವಖಾರಿಯಲ್ಲಿ ಕಾರಕೂನ. ಅಲ್ಲಿ ದಿಮ್ಮಿ ಸೀಳುತ್ತಿದ್ದವರು ಬಸಪ್ಪ ಮತ್ತು ಮಕ್ತುಮ, ಇಬ್ಬರೂ ಅಕ್ಕಲಕೋಟೆಯವರು. ಇಬ್ಬರೂ ಕೂಡಿ ಕೊಂಡ ಒಂದು ಗರಗಸದ ಎರಡು ತುದಿ ಹಿಡಿದು ಇಪ್ಪತ್ತು ವರ್ಷ ಎಳೆದವರು. ಆ ಜಾತಿಯ ಗರಗಸದಲ್ಲಿ ಹಲ್ಲುಗಳು ನಟ್ಟನಡುವಿನಿಂದ ಅರ್ಧ ಇತ್ತ, ಅರ್ಧ ಅತ್ತ ಬಾಗಿರುತ್ತವೆ. ಇವನು ಎಳೆದಾಗ ಇವನ ಹಲ್ಲು ಕಚ್ಚುತ್ತವೆ, ಅವನು ಎಳೆದಾಗ ಅವನವು. ಹೀಗಾಗಿ ಅವರಲ್ಲಿ ಒಂದು ಕಟ್ಟಳೆ: ತನ್ನ ಪಾಲಿನ ಹಲ್ಲಿಗೆ ತಾನೇ ಅರ ಹಾಕಬೇಕು, ಜೊತೆಯವನದನ್ನು ಮುಟ್ಟಬಾರದು. ಸಂಜೆ ಇಬ್ಬರೂ ಎದುರುಬದುರು ಕೂತು ಕಿರ್ರೆನ್ನಿಸತೊಡಗಿದರೆ ನನ್ನ ಬಾಯೊಳಗಿನ ಹಲ್ಲು ಜುಮ್ಮೆನ್ನುತ್ತಿದ್ದವು. ಮಕ್ತುಮ ಜಜ್ಜಿದ ಹೆಬ್ಬೆರಳಿನ ಕೈಯನ್ನೆತ್ತಿ, "ಸಾಹೇಬ್ರ, ನಿಮ್ಮ ಹಲ್ಲಿಗೂ ನಾಕ ಎಳೀಲೇನ್ರಿ?" ಎನ್ನುವನು. "ಬ್ಯಾಡಪಾ, ಶೇಟಜಿ ಮುಂದ ಕಿಸದು ಕಿಸದು ಅವು ಮದಲ ಸವದಾವ" ಎಂದು ಬಸಪ್ಪ ತಲೆ ಎತ್ತದೆಯೇ ಹೇಳುವನು. ದಿಮ್ಮಿ ಉರುಳಿ ಆ ಹೆಬ್ಬೆರಳು ಜಜ್ಜಿದ್ದು ಯಾವ ಕಾಲದಲ್ಲೋ. ಅದರ ಮೇಲೂ ಅವರಿಬ್ಬರು ದಿನಕ್ಕೊಂದು ನಗೆ ಮಾಡುತ್ತಿದ್ದರು.

ಒಂದು ಮಳೆಗಾಲದ ಜ್ವರದಲ್ಲಿ ಮಕ್ತುಮ ತೀರಿಕೊಂಡ. ಅವನ ತುದಿ ಹಿಡಿಯಲು ಶೇಟಜಿ ಕೂಲಿಗೆ ಒಬ್ಬನನ್ನು ಹಚ್ಚಿದರು. ಬಸಪ್ಪ ತನ್ನ ಪಾಲಿನ ಹಲ್ಲಿಗೆ ಎಂದಿನಂತೆ ಅರ ಹಾಕಿ ಎದ್ದುಬಿಡುತ್ತಿದ್ದ. ಮಕ್ತುಮನ ಪಾಲನ್ನು ತಾನೂ ಮುಟ್ಟಲಿಲ್ಲ, ಹೊಸಬನಿಗೂ ಮುಟ್ಟಗೊಡಲಿಲ್ಲ. ಅರ್ಧ ಚೂಪು, ಅರ್ಧ ಮೊಂಡು. ಗರಗಸ ಗೆರೆ ಬಿಟ್ಟು ಓಡತೊಡಗಿತು. ಶೇಟಜಿ ಒಂದು ದಿನ ಹಲಗೆಯನ್ನೆತ್ತಿ ತೋರಿಸಿದರು: "ಬಸಪ್ಪಾ, ಹಾವ ಹರದಂಗ ಆಗ್ಯದ ನೋಡಿದು. ಅಮಾಸಿತನಕ ನೋಡ್ತೀನಿ. ಸುಧಾರಿಸಲಿಲ್ಲಂದ್ರ ಮಷೀನ ತರಸ್ತೀನಿ, ನೀ ಊರ ಹಾದಿ ಹಿಡಿ." ಬಸಪ್ಪ, "ಅದು ಅವನ ಪಾಲು ಅದರಿ" ಎಂದಷ್ಟೇ ಹೇಳಿ ಮತ್ತೆ ತನ್ನ ತುದಿ ಹಿಡಿದ. ಸೊಲ್ಲಾಪುರ ಯಾವ ರಾಜ್ಯದ ಪಾಲು ಎಂದು ಊರೆಲ್ಲ ಚಹಾದಂಗಡಿಗಳಲ್ಲಿ ಮೇಜು ಕುಟ್ಟುತ್ತಿದ್ದ ಕಾಲ ಅದು. ಮಕ್ತುಮನ ಪಾಲಿನ ಒಂದೂವರೆ ಮೊಳ ಉಕ್ಕಿನ ತಂಟೆಯನ್ನಾದರೂ ನಾನು ಬಗೆಹರಿಸಬೇಕೆಂದು ಸಂಕಲ್ಪ ಮಾಡಿದೆ. ಬಸಪ್ಪ ಊರ ಹಾದಿ ಹಿಡಿದರೆ ಐವತ್ತು ದಾಟಿದ ಅವನ ಕೈಗೆ ಯಾರು ಕೆಲಸ ಕೊಡುತ್ತಾರೆ?

ಕಾರಕೂನನ ಬುದ್ಧಿಗೆ ಹೊಳೆಯುವುದು ಎರಡೇ: ಸಾಮಾನು ಯಾವುದು ಬೇಕು, ಸಹಿ ಯಾರದು ಬೇಕು. ಮೊದಲು ಸಾಮಾನು. ನಮ್ಮ ಕಡೆ ಕಾನಸ ಎನ್ನುವ ಅರದಲ್ಲಿ ಇಷ್ಟು ಕುಲಗಳಿವೆಯೆಂದು ಯಾರಿಗೆ ಗೊತ್ತಿತ್ತು! ಚಪ್ಪಟೆ, ದುಂಡು, ಅರೆದುಂಡು, ಮೂರು ಮೂಲೆಯದು. ಅದರಲ್ಲೂ ಒರಟು, ನಡುತರ, ನುಣುಪು. ವಧುಪರೀಕ್ಷೆಗೆ ಬಂದವನಂತೆ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದೆ, ಉಗುರಿಗೆ ತಿಕ್ಕಿದೆ, ಕಿವಿಯ ಹತ್ತಿರ ತಂದು ಬೆರಳಿನಿಂದ ಬಡಿದು ನಾದ ಕೇಳಿದೆ. ಮೂರನೆಯ ದಿನ ಕಬ್ಬಿಣದಂಗಡಿಯ ಚಾಚಾ ಕೈಮುಗಿದು, "ಸಾಹೇಬ್ರ, ಇಷ್ಟು ನೋಡಿ ನಾ ಮದಿವೀನೂ ಆಗಿಲ್ಲ. ಮೂರ ಮೂಲಿದು, ನಡುತರದ್ದು ಒಯ್ರಿ. ಮುಂದಕ್ಕ ಅಷ್ಟ ದೂಕ್ರಿ, ಹಿಂದಕ್ಕ ತರೂವಾಗ ಎತ್ರಿ. ಎಲ್ಲಾ ಹಲ್ಲಿಗೂ ಎಣಿಸಿ ಅಷ್ಟಷ್ಟ" ಎಂದರು. ಒಯ್ದೆ.

ಇನ್ನು ಸಹಿ. ರವಿವಾರ ಅಕ್ಕಲಕೋಟೆಗೆ ಹೋಗಿ ಮಕ್ತುಮನ ಹೆಂಡತಿ ಖಾಸಿಂಬಿಯನ್ನು ಕಂಡೆ. ಗಂಡನ ಪಾಲಿನ ಹಲ್ಲಿಗೆ ಅರ ಹಾಕಲು ತಮ್ಮ ತಕರಾರಿಲ್ಲವೆಂದು ಒಂದು ಕಾಗದ ಬರೆದುಕೊಂಡು ಹೋಗಿದ್ದೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೂ ಹೆಬ್ಬಟ್ಟು ಬೇಕೇನ್ರಿ?" ಎಂದಳು. ಒತ್ತಿಕೊಟ್ಟಳು. ಮಕ್ತುಮನ ಹಳೆಯ ಅರ ಇದ್ದರೆ ನೋಡಬಹುದಿತ್ತು ಎಂದೆ. ಆಕೆ ಮೂಲೆಯಿಂದ ಒಂದು ಖುರ್ಪಿ ತಂದಿಟ್ಟಳು. "ಇದ ನೋಡ್ರಿ ಅದು. ಕಮ್ಮಾರಗ ಕೊಟ್ಟು ಬಡಿಸ್ಕೊಂಡೀನಿ. ಮಂದಿ ಹೊಲದಾಗ ಕಳೀ ತಗಿಯಾಕ ಹೊಂಟೀನಲ್ರಿ." ಖುರ್ಪಿಯ ಮೈಮೇಲೆ ಒಂದು ಕಡೆ ಅರದ ಗೀರುಗಳು ಇನ್ನೂ ಇದ್ದವು. ನಾನು ಕಾಗದ ಮಡಚಿಕೊಂಡು ಬಂದೆ.

ಅಮಾವಾಸ್ಯೆಯ ದಿನ ನಮ್ಮ ವಖಾರಿಯಲ್ಲಿ ಕಬ್ಬಿಣದ ಆಯುಧಗಳಿಗೆ ರಜೆ. ಬಸಪ್ಪ ಊರಿಗೆ ಹೋಗಿದ್ದ. ನಾನು ಗರಗಸವನ್ನು ದಿಮ್ಮಿಗಳ ನಡುವೆ ಸಿಕ್ಕಿಸಿ ಕೂತೆ. ಬಸಪ್ಪನ ಹಲ್ಲುಗಳನ್ನೇ ಮೇಲ್ಪಂಕ್ತಿ ಮಾಡಿಕೊಂಡು, ಹಲ್ಲಿಗೆ ಇಷ್ಟೇ ಎಂದು ಎಣಿಸುತ್ತ, ರಿಜಿಸ್ಟರಿನಲ್ಲಿ ಗೆರೆ ಹೊಡೆಯುವ ನಿಷ್ಠೆಯಿಂದ ಮಧ್ಯಾಹ್ನದವರೆಗೆ ಎಳೆದೆ. ಅಂಗೈಯಲ್ಲಿ ಬೊಬ್ಬೆ ಬಂದವು. ಆದರೆ ಎರಡು ಕಡೆಯ ಹಲ್ಲುಗಳೂ ಅವಳಿಜವಳಿಯಂತೆ ಮಿಂಚುತ್ತಿದ್ದವು. ಪೆನ್ಸಿಲ್ ಕೆತ್ತಲಾರದವನ ಕೈಯಿಂದ! ಹೆಂಡತಿಯನ್ನು ಕರೆತಂದು ತೋರಿಸುವ ವಿಚಾರವೂ ಬಂತು.

ಮರುದಿನ ಬೆಳಿಗ್ಗೆ ಬಸಪ್ಪ ಗರಗಸ ಎತ್ತಿಕೊಂಡವನು ನಿಂತ. ಮಕ್ತುಮನ ಪಾಲಿನ ಮೇಲೆ ಬೆರಳು ಎಳೆದ. "ಯಾರ ಹಾಕ್ಯಾರ್ರಿ ಇದಕ್ಕ ಕಾನಸ?"

"ನಾನ ಹಾಕೀನಿ, ಬಸಪ್ಪ. ಖಾಸಿಂಬಿಯವರ ಒಪ್ಪಿಗಿನೂ ಅದ" ಎಂದು ಕಾಗದ ಚಾಚಿದೆ.

ಅವನು ಕಾಗದದ ಕಡೆಗೆ ನೋಡಲಿಲ್ಲ. "ಚಲೋ ಹಾಕೀರಿ. ಥೇಟ ನನ್ನಂಗ ಹಾಕೀರಿ." ಸ್ವಲ್ಪ ಹೊತ್ತು ಬೆರಳು ಅಲ್ಲೇ ಇತ್ತು. "ಅವನ ಹೆಬ್ಬಟ್ಟು ಜಜ್ಜಿತ್ತಲ್ರಿ. ಅದಕ್ಕ ಅವನ ಹಲ್ಲು ಒಂದೀಟು ವಾಲತಿದ್ದವು. ಎಳಿಯೂವಾಗ ಕೈಗಿ ತಿಳೀತಿತ್ತು, ಆ ಕಡಿ ಅಂವ ಇದ್ದಾನ ಅಂತ. ಮೊಂಡ ಆದ್ರೂ ತಿಳೀತಿತ್ತು. ಅದಕ್ಕ ಬಿಟ್ಟಿದ್ದೆ." ಆಮೇಲೆ ನನ್ನ ಬೊಬ್ಬೆಗಳನ್ನು ನೋಡಿ, ನನ್ನನ್ನೇ ಸಮಾಧಾನ ಮಾಡುವವನಂತೆ ಅಂದ: "ಇರ್ಲಿ ಬಿಡ್ರಿ. ಇನ್ನ ಈ ಕಡಿನೂ ನಾನ, ಆ ಕಡಿನೂ ನಾನ."

ಮೂರು ದಿನ ಪೇಟೆ ಅಲೆದೆ, ಅಕ್ಕಲಕೋಟೆಗೆ ಹೋಗಿ ಬಂದೆ, ಊರವರೆಲ್ಲರನ್ನೂ ಕೇಳಿದೆ. ಬಸಪ್ಪನೊಬ್ಬನನ್ನು ಯಾಕೆ ಎಂದು ಕೇಳಲಿಲ್ಲ. ಖಾಸಿಂಬಿಯ ಹೆಬ್ಬೆಟ್ಟಿನ ಕಾಗದ ನನ್ನ ಕಪಾಟಿನಲ್ಲಿ ಕ್ರಮವಾಗಿ ಜೋಡಿಸಿದ್ದೇನೆ. ನನ್ನ ದಫ್ತರದಲ್ಲಿ ಯಾವ ಕಾಗದವೂ ಕಳೆದುಹೋಗುವುದಿಲ್ಲ.

ಆ ದಿನ ಬಸಪ್ಪ ಮತ್ತು ಕೂಲಿಯವನು ಒಂದು ಸಾಗವಾನಿ ದಿಮ್ಮಿ ಸೀಳಿದರು. ಶೇಟಜಿ ಹಲಗೆಗೆ ದಾರ ಹಿಡಿದು ನೋಡಿ ಮಷೀನಿನ ಮಾತು ಬಿಟ್ಟರು. ಬಸಪ್ಪ ಕೆಲಸದಲ್ಲಿ ಉಳಿದ. ಹಲಗೆಗಳೆಲ್ಲ ನೆಟ್ಟಗೆ ಬಂದಿದ್ದವು.