ಬೆನ್ನು ತೋರಿಸದ ಟ್ಯಾಕ್ಸಿ ಯಜಮಾನರು

ಇನ್ಶೂರೆನ್ಸ್ ಏಜೆಂಟನ ಕೆಲಸ ನೀರಸ ಎನ್ನುವವರು ಆ ಕೆಲಸ ಮಾಡಿದವರಲ್ಲ. ಊರಿನಲ್ಲಿ ಯಾರು ಯಾವುದಕ್ಕೆ ಗುದ್ದಿದರೂ ಕೊನೆಗೆ ಬಂದು ಕೂರುವುದು ನಮ್ಮ ಎದುರಿನ ಕುರ್ಚಿಯಲ್ಲೇ. ಐವತ್ತರ ದಶಕ ಮುಗಿದು ಅರವತ್ತರದು ಶುರುವಾದ ಕಾಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಒಂದು ಜವಳಿ ಅಂಗಡಿಯ ಮಹಡಿಯ ಮೇಲೆ ನನ್ನ ಆಫೀಸು. ಶಿವಮೊಗ್ಗ, ಭದ್ರಾವತಿ ಎರಡೂ ಸೇರಿಸಿದರೂ ಕಾರುಗಳು ಹೆಚ್ಚಿರಲಿಲ್ಲ. ಗುದ್ದಾಟಕ್ಕೇನೂ ಕೊರತೆಯಿರಲಿಲ್ಲ. ಅದರಲ್ಲಿ ದೊಡ್ಡ ಪಾಲು ಒಬ್ಬರದೇ ಆಗಿದ್ದರಿಂದ ಅವರ ಪ್ರಸಂಗಗಳನ್ನೇ ಹೇಳುತ್ತೇನೆ.

೧. ತಪ್ಪೊಪ್ಪಿಗೆ

ಅವರು ಭದ್ರಾವತಿಯ ಜನ್ನಾಪುರದವರು. ಹಣೆಯ ತುಂಬ ವಿಭೂತಿ, ಬಿಳಿ ಅಂಗಿ, ಮೆದು ಮಾತು. ಸ್ವಂತದ್ದೊಂದು ಹಳೆಯ ಕಾರನ್ನು ಟ್ಯಾಕ್ಸಿಯಾಗಿ ಓಡಿಸುತ್ತಿದ್ದರು. ಎಲ್ಲರೂ ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದರು. ಒಂದು ದಿನ ನನ್ನ ಆಫೀಸಿಗೆ ಬಂದವರು, ಕೂರಿ ಎಂದರೂ ಕೂರದೆ, ನಿಂತೇ ತಮ್ಮ ಕಷ್ಟ ಹೇಳಿಕೊಂಡರು.

"ಕೋರ್ಟಿನೋರು ಆರು ತಿಂಗಳು ಲೈಸೆನ್ಸ್ ಕಿತ್ಕೊಂಡಿದ್ರು ಸ್ವಾಮಿ. ಈಗ ವಾಪಸ್ ಕೊಟ್ಟಿದಾರೆ. ಆದ್ರೆ ಯಾವ ಕಂಪನಿನೂ ಇನ್ಶೂರೆನ್ಸ್ ಕೊಡಲ್ಲ ಅಂತಿದೆ. ಇನ್ಶೂರೆನ್ಸ್ ಇಲ್ದೆ ಪರ್ಮಿಟ್ ಇಲ್ಲ. ತಿಂಗಳ ಕೊನೆ ಒಳಗೆ ಆಗ್ಲಿಲ್ಲ ಅಂದ್ರೆ ಪರ್ಮಿಟ್ ಬೇರೆಯೋರ ಪಾಲು. ನಮ್ಮನೆ ಒಲೆ ಉರಿಯೋದೇ ಆ ಕಾರಿಂದ."

ಕೇಸಿನ ಕಾಗದ ನೋಡಿದೆ. ಮುನ್ಸಿಪಾಲಿಟಿಯ ದೀಪದ ಕಂಬ, ಪೊಲೀಸ್ ಠಾಣೆಯ ಕಾಂಪೌಂಡು, ಒಂದು ಸೋಡಾ ಅಂಗಡಿ. ಕೊನೆಯಲ್ಲಿ ಒಂದು ಲಾರಿ.

"ಲಾರಿಗೂ ನೀವೇ ಗುದ್ದಿದ್ರಾ?"

"ಇಲ್ಲ ಸ್ವಾಮಿ, ನಾನು ಆವತ್ತು ಊರಲ್ಲೇ ಇರ್ಲಿಲ್ಲ. ಅದು ನನಗಿಂತ ಮುಂಚೆ ಕಟಕಟೆ ಹತ್ತಿದ್ದೋನ ಕೇಸು, ಕಾಗದ ಸೇರಿಹೋಗಿತ್ತು."

"ಮತ್ತೆ ಒಪ್ಕೊಂಡಿದೀರಲ್ಲ!"

"ಜಡ್ಜ್ ಸಾಹೇಬ್ರು, ಅಷ್ಟು ದೊಡ್ಡವರು, ಬಾಯಿಬಿಟ್ಟು ಕೇಳ್ತಾ ಇದಾರೆ. ಎದುರು ನಿಂತು ಇಲ್ಲ ಅನ್ನೋದು ಹೇಗೆ?"

ನನಗೆ ನಗು, ಕನಿಕರ ಒಟ್ಟಿಗೇ ಬಂತು. ಕೈಲಾದದ್ದು ಮಾಡುತ್ತೇನೆ ಎಂದೆ. ಯಜಮಾನರು ಕೈಮುಗಿದು, ಮುಖ ನನ್ನ ಕಡೆಯೇ ಇಟ್ಟುಕೊಂಡು, ಹಿಂದಿಂದಕ್ಕೆ ಹೆಜ್ಜೆಯಿಡುತ್ತ ಬಾಗಿಲು ದಾಟಿದರು. ಹಾಗೆಯೇ ಮೆಟ್ಟಿಲನ್ನೂ ಇಳಿಯತೊಡಗಿದರು. ನಾನು ಎದ್ದು ಓಡುವಷ್ಟರಲ್ಲಿ ಕೆಳಗೆ ದಡಬಡ ಸದ್ದಾಯಿತು. ಬಟ್ಟೆಯ ತಾನುಗಳೆಲ್ಲ ನೆಲಕ್ಕೆ ಬಿದ್ದಿದ್ದವು. ಅವುಗಳ ಮೇಲೆ ಕೂತ ಯಜಮಾನರು ಆಗಲೂ ಮಹಡಿಯ ಕಡೆಗೆ ಕೈಮುಗಿದೇ ಇದ್ದರು.

ಜವಳಿ ಅಂಗಡಿಯ ಸಾಹುಕಾರರು ಮೇಲೆ ನೋಡಿ ಕೇಳಿದರು: "ಏಜೆಂಟ್ರೇ, ಇವ್ರಿಗೆ ಕಾರೂ ಇದೆಯಾ ಮಾರಾಯ್ರೇ?"

೨. ಗಣ್ಯರ ಅಭಿಪ್ರಾಯ

ಬರೆದ ಕಂಪನಿಗಳೆಲ್ಲ ಆಗದು ಎಂದವು. ಒಂದು ಕಂಪನಿ ಮಾತ್ರ ಒಪ್ಪಿತು. ಅದು ಕೇಳಿದ ಪ್ರೀಮಿಯಂ ಕಟ್ಟುವ ಬದಲು ಯಜಮಾನರು ಕಾರನ್ನೇ ಆ ಕಂಪನಿಗೆ ಬಿಟ್ಟುಕೊಡಬಹುದಿತ್ತು. ಕೊನೆಗೆ ಮದರಾಸಿನ ಒಂದು ಸಣ್ಣ ಕಂಪನಿಯಿಂದ ಸ್ವಲ್ಪ ಆಸೆ ಹುಟ್ಟಿಸುವ ಉತ್ತರ ಬಂತು: ಈ ಕಾರಿನಲ್ಲಿ ಓಡಾಡಿದ ಇಬ್ಬರು ಗಣ್ಯರ ಅಭಿಪ್ರಾಯ ಕಳಿಸಿ, ಆಮೇಲೆ ನೋಡೋಣ.

ರೈಲು ಹತ್ತಿ ಭದ್ರಾವತಿಗೆ ಹೋದೆ. ಮೊದಲು ಒಬ್ಬ ಡಾಕ್ಟರರನ್ನು ಕಂಡೆ.

"ಅಂಥ ಸಜ್ಜನ ಇನ್ನೊಬ್ಬ ಇಲ್ಲ ಕಣ್ರೀ," ಎಂದರು ಡಾಕ್ಟರು. "ಯಾರಿಗೆ ಪೆಟ್ಟಾದ್ರೂ ಬಿಟ್ಟು ಓಡಿಹೋಗೋದಿಲ್ಲ. ತಾವೇ ಕೈಹಿಡಿದು ನನ್ನ ಹತ್ರ ಕರ್ಕೊಂಡು ಬರ್ತಾರೆ. ಅವ್ರು ಕಾರು ನಿಲ್ಲಿಸಿದ ಮೇಲೆ ನನ್ನ ಪ್ರಾಕ್ಟೀಸೇ ಕಡಿಮೆಯಾಗಿದೆ."

ಇದನ್ನು ಕಂಪನಿಗೆ ಬರೆಯುವುದು ಹೇಗೆ? ನ್ಯೂ ಟೌನಿಗೆ ನಡೆದೆ. ಅಲ್ಲಿ ಕಾರ್ಖಾನೆಯ ಒಬ್ಬ ಫೋರ್‌ಮನ್ ಇದ್ದರು, ತಮಿಳಿನವರು.

"ರೊಂಬ ಒಳ್ಳೇ ಮನುಷ್ಯ ಸಾರ್," ಎಂದರು. "ಈ ಊರಿಗೆ ಬಂದ ಹೊಸದ್ರಲ್ಲಿ ಒಂದು ವರ್ಷ ಅವ್ರ ಕಾರಲ್ಲೇ ಓಡಾಡಿದೀನಿ. ಒಂದು ಸಲ ಕೂಡ ಏನೂ ಆಗಿಲ್ಲ."

ನನಗೆ ಹೋದ ಜೀವ ಬಂದಂತಾಯಿತು. ಪೆನ್ನು ತೆಗೆದೆ.

"ಆವಾಗ ನನಗೆ ಕನ್ನಡ ಬರ್ತಿರ್ಲಿಲ್ಲ ಸಾರ್, ಸುಮ್ನೆ ಕೂತಿರ್ತಿದ್ದೆ. ಆಮೇಲೆ ಕಷ್ಟಪಟ್ಟು ಕಲಿತೆ. ಕಲಿತ ಮೇಲೆ ಒಂದು ದಿನ ಕಾರಲ್ಲಿ, 'ಯಜಮಾನ್ರೇ, ಊಟ ಆಯ್ತಾ?' ಅಂತ ಕೇಳ್ದೆ. ಗದ್ದೆಗೆ ಇಳಿದ್ವಿ."

೩. ಸೀನು

ಫೋರ್‌ಮನ್ ಮಾತಿನ ಗುಟ್ಟೇನು ಎಂದು ತಿಳಿಯಲು ನಾನೇ ಆ ಕಾರಿನಲ್ಲಿ ಕೂತೆ. ಜನ್ನಾಪುರದ ಆಚೆ ಒಂದು ಖಾಲಿ ಬಯಲಿನಲ್ಲಿ ಸುತ್ತು ಹಾಕಿದೆವು. ಸೊಗಸಾಗಿಯೇ ಓಡಿಸಿದರು. "ಕಾರು ಯಾವ ವರ್ಷದ್ದು?" ಎಂದು ಹಿಂದಿನ ಸೀಟಿನಿಂದ ಕೇಳಿದೆನೋ ಇಲ್ಲವೋ, ಯಜಮಾನರು ಸೊಂಟದಿಂದ ಮೇಲೆ ಪೂರ್ತಿ ನನ್ನ ಕಡೆ ತಿರುಗಿ, ನಗುನಗುತ್ತ ಉತ್ತರ ಕೊಡಲು ಶುರುಮಾಡಿದರು.

"ಮುಂದೆ ನೋಡಿ!" ಎಂದು ಕಿರುಚಿದೆ.

ಕಾರು ನಿಲ್ಲಿಸಿ ಕಾರಣ ಹೇಳಿದರು. ಚಿಕ್ಕಂದಿನಲ್ಲಿ ಮಠದಲ್ಲಿ ಬೆಳೆದವರಂತೆ. ದೊಡ್ಡವರಿಗೆ ಬೆನ್ನು ತೋರಿಸಬಾರದು, ಮಾತಾಡುವಾಗ ಮುಖ ನೋಡಿ ಮಾತಾಡಬೇಕು ಎಂದು ಅಲ್ಲಿ ಕಲಿಸಿದ್ದರು. ಅದು ಮೈಗೆ ಹತ್ತಿಹೋಗಿದೆ, ಬಿಡಲು ಬರುವುದಿಲ್ಲ.

"ಕನ್ನಡೀಲಿ ನೋಡ್ಕೊಂಡು ಮಾತಾಡಿ."

"ಕನ್ನಡೀಲಿ ನಿಮಗೆ ನನ್ನ ಮುಖ ಕಂಡ್ರೂ ನನ್ನ ಬೆನ್ನು ನಿಮ್ಮ ಕಡೆಗೇ ಅಲ್ವಾ ಸ್ವಾಮಿ?"

ಮುಂದೆ ಪಕ್ಕದಲ್ಲಿ ಕೂತು ನೋಡಿದೆ. ಆಗ ಬಯಲಿನುದ್ದಕ್ಕೂ ನನ್ನ ಕಡೆಗೇ ಓರೆಯಾಗಿ ಕೂತು ಓಡಿಸಿದರು. ಉಳಿದದ್ದು ಒಂದೇ ಉಪಾಯ. ಮತ್ತೆ ಹಿಂದೆ ಹೋಗಿ ಕೂತು, ರೈಲ್ವೆ ಸ್ಟೇಷನ್ ಬರುವವರೆಗೆ ಬಾಯಿ ಬಿಡುವುದಿಲ್ಲ ಎಂದು ಶಪಥ ಮಾಡಿದೆ. ಕಾರು ನೂಲು ಹಿಡಿದಂತೆ ನೆಟ್ಟಗೆ ಹೋಯಿತು. ಸ್ಟೇಷನ್ ಕಾಣಿಸಿತು. ಅಷ್ಟರಲ್ಲಿ ಧೂಳಿಗೋ ಏನೋ, ನನಗೊಂದು ಸೀನು ಬಂತು.

"ನೂರು ವರ್ಷ ಬಾಳಿ ಸ್ವಾಮಿ!" ಎಂದು ಯಜಮಾನರು ಹಿಂದೆ ತಿರುಗಿ ಮನಸಾರೆ ಹರಸಿದರು. ಅವರ ಹರಕೆ ಮುಗಿಯುವ ಮುಂಚೆಯೇ ನಾವು ಚರಂಡಿಯಲ್ಲಿದ್ದೆವು.

೪. ಕಿವುಡು ಸಾಹೇಬರು

ಡಾಕ್ಟರು ಮತ್ತು ಫೋರ್‌ಮನ್ ಹೇಳಿದ್ದರಲ್ಲಿ "ಸಜ್ಜನ", "ಒಳ್ಳೇ ಮನುಷ್ಯ" ಎಂಬಷ್ಟನ್ನು ಮಾತ್ರ ಬರೆದು ಕಳಿಸಿದೆ. ಕಂಪನಿಗೆ ಸಮಾಧಾನವಾಗಲಿಲ್ಲ. ಕಾರಿನಲ್ಲಿ ಕೂತು ಪರೀಕ್ಷೆ ಮಾಡಲು ಒಬ್ಬ ಇನ್‌ಸ್ಪೆಕ್ಟರರನ್ನು ಕಳಿಸಿತು. ತಿಂಗಳ ಕೊನೆಗೆ ಎರಡೇ ದಿನ ಉಳಿದಿತ್ತು. ಬಂದವರು ಮಾತಿನ ಮಲ್ಲ. ಅವರ ಬಾಯಿ ಮುಚ್ಚಿಸುವಂತಿರಲಿಲ್ಲ. ಯಜಮಾನರನ್ನು ಪಕ್ಕಕ್ಕೆ ಕರೆದು ಒಂದು ಸುಳ್ಳು ಹೇಳಿದೆ.

"ನೋಡಿ, ಸಾಹೇಬ್ರಿಗೆ ಕಿವಿ ಒಂಚೂರೂ ಕೇಳಿಸಲ್ಲ. ಅವ್ರ ಪಾಡಿಗೆ ಅವ್ರು ಮಾತಾಡ್ತಾ ಇರ್ತಾರೆ. ನೀವು ಉತ್ತರ ಕೊಟ್ರೂ ಪ್ರಯೋಜನವಿಲ್ಲ. ಸುಮ್ನೆ ಓಡಿಸಿ."

ಯಜಮಾನರು ಅಯ್ಯೋ ಪಾಪ ಎಂದು ತಲೆಯಾಡಿಸಿದರು.

ಶಿವಮೊಗ್ಗ ಬಿಟ್ಟೆವು. ಇನ್‌ಸ್ಪೆಕ್ಟರರು ಮಾತಾಡುತ್ತಲೇ ಇದ್ದರು, ಯಜಮಾನರು ರಸ್ತೆಯನ್ನೇ ನೋಡುತ್ತಿದ್ದರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಭದ್ರಾವತಿ ಹತ್ತಿರವಾದಾಗ ಇನ್‌ಸ್ಪೆಕ್ಟರರು, "ಡ್ರೈವಿಂಗ್ ಚೆನ್ನಾಗಿದೆ. ಮಕ್ಕಳೆಷ್ಟು ನಿಮಗೆ?" ಎಂದು ಕೇಳಿದರು.

ಯಜಮಾನರು ತಿರುಗಿದರು. ಈ ಸಲ ಸ್ಟೀರಿಂಗಿನಿಂದ ಎರಡೂ ಕೈ ಬಿಟ್ಟಿದ್ದರು. ಒಂದು ಕೈಯಲ್ಲಿ ಮೂರು ಬೆರಳು ತೋರಿಸಿದರು. ಇನ್ನೊಂದು ಕೈಯನ್ನು ನೆಲದಿಂದ ಇಷ್ಟೆತ್ತರ, ಇಷ್ಟೆತ್ತರ ಎಂದು ಏರಿಸುತ್ತ ಹೋದರು. ಮೂರನೆಯ ಮಗು ಎಷ್ಟೆತ್ತರ ಎಂದು ತಿಳಿಯುವ ಮೊದಲೇ ನಾವು ರಸ್ತೆಯಂಚಿನಲ್ಲಿ ನಿಂತಿದ್ದ ಹುಲ್ಲಿನ ಗಾಡಿಯೊಳಗೆ ನುಗ್ಗಿದ್ದೆವು.

ಯಾರಿಗೂ ಏನೂ ಆಗಲಿಲ್ಲ. ಇನ್‌ಸ್ಪೆಕ್ಟರರು ಬಾಯೊಳಗಿನ ಹುಲ್ಲು ಉಗಿದು, "ಏನ್ರೀ ಇದು?" ಎಂದು ಗುಡುಗಿದರು.

ಯಜಮಾನರು ನನ್ನ ಕಡೆ ನೋಡಿ ಹೇಳಿದರು: "ಕಿವಿ ಕೇಳಿಸ್ದೆ ಇರೋರಿಗೆ ಕೈಸನ್ನೆಯಲ್ಲಾದ್ರೂ ಹೇಳ್ಬೇಕಲ್ವಾ ಸ್ವಾಮಿ? ಎಷ್ಟಂತ ಸುಮ್ನೆ ಕೂತಿರ್ಲಿ?"

೫. ಪಾಲಿಸಿ

ಇನ್‌ಸ್ಪೆಕ್ಟರರು ಮೈಕೈ ತೊಳೆಯಲು ಜನ್ನಾಪುರದ ಮನೆಗೆ ಹೋದೆವು. ಯಜಮಾನರು ಜಗಲಿಯ ಮೂಲೆಯಲ್ಲಿ ತಲೆತಗ್ಗಿಸಿ ನಿಂತರು. ಅಷ್ಟು ಒಳ್ಳೆಯ ಮನುಷ್ಯನ ಅನ್ನವನ್ನು ನನ್ನ ಸುಳ್ಳೇ ಕಿತ್ತುಕೊಂಡಂತಾಗಿತ್ತು. ಅವರ ಹೆಂಡತಿ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟರು.

"ಏನಮ್ಮಾ, ನೀವೂ ಧೈರ್ಯವಾಗಿ ಈ ಕಾರು ಹತ್ತುತ್ತೀರಾ?" ಎಂದು ಇನ್‌ಸ್ಪೆಕ್ಟರರು ಕೇಳಿದರು.

"ಹತ್ತದೇ ಏನು? ತವರಿಗೆ ಹೋಗೋದೇ ಇದ್ರಲ್ಲಿ. ಇವತ್ತಿನವರೆಗೆ ಒಂದು ಗೀರೂ ಆಗಿಲ್ಲ."

"ದಾರೀಲಿ ಮಾತೇ ಆಡಲ್ವೋ?"

"ಹತ್ತಿದಾಗಿಂದ ಇಳಿಯೋತನಕ ಆಡ್ತೀನಿ. ಆದ್ರೆ ನನ್ನ ಮಾತಿಗೆ ಇವ್ರು ಯಾವತ್ತು ತಿರುಗಿ ನೋಡಿದಾರೆ ಸ್ವಾಮಿ?"

ಇನ್‌ಸ್ಪೆಕ್ಟರರು ಮಜ್ಜಿಗೆ ಲೋಟ ಕೆಳಗಿಟ್ಟು, "ನಡೀರಿ, ನೀವೂ ಹತ್ತಿ," ಎಂದರು. ಶಿವಮೊಗ್ಗಕ್ಕೆ ವಾಪಸು ಬರುವಾಗ ಆಕೆ ಮುಂದಿನ ಸೀಟಿನಲ್ಲಿ ನಮ್ಮ ಕಡೆ ತಿರುಗಿ ಕೂತರು. ನಾವು ಏನು ಕೇಳಿದರೂ ಉತ್ತರ ಆಕೆಯದೇ. ದೊಡ್ಡವರ ಮಾತಿಗೆ ಮುಖಕೊಟ್ಟು ಉತ್ತರ ಹೋಗುತ್ತಿದೆ ಎಂದು ಯಜಮಾನರೂ ನಿಶ್ಚಿಂತರಾದರು. ಇನ್‌ಸ್ಪೆಕ್ಟರರು ಬೇಕೆಂದೇ ಮೂರು ಸಲ ಸೀನಿದರು. ಮೂರು ಸಲವೂ ಆಕೆಯೇ ಹರಸಿದರು, ಕಾರು ಒಂದಿಂಚೂ ಅಲುಗಲಿಲ್ಲ.

ಮರುದಿನವೇ ಇನ್‌ಸ್ಪೆಕ್ಟರರ ಕೈಯಿಂದಲೇ ಪಾಲಿಸಿ ಸಿಕ್ಕಿತು. ಪ್ರೀಮಿಯಂ ತುಸು ಜಾಸ್ತಿಯಾದರೂ ಕೈಗೆಟಕುವಂತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಷರತ್ತು: ಕಾರು ಬಾಡಿಗೆಗೆ ಓಡುವಾಗ ಮಾಲೀಕರ ಧರ್ಮಪತ್ನಿಯವರು ಮುಂದಿನ ಸೀಟಿನಲ್ಲಿರತಕ್ಕದ್ದು, ಎಲ್ಲ ಮಾತನ್ನೂ ಅವರೇ ಆಡತಕ್ಕದ್ದು. ಪರ್ಮಿಟ್ ಉಳಿಯಿತು.

ವರ್ಷ ಕಳೆದು ಇಬ್ಬರೂ ರಿನ್ಯೂ ಮಾಡಿಸಲು ಬಂದರು. ಒಂದು ಅಪಘಾತವೂ ಆಗಿರಲಿಲ್ಲ. "ಹೇಗಿದೀರಿ ಯಜಮಾನ್ರೇ?" ಎಂದೆ. "ಚೆನ್ನಾಗಿದಾರೆ," ಎಂದರು ಹೆಂಡತಿ. ಕೆಲಸ ಮುಗಿಯಿತು. ಯಜಮಾನರು ಅಭ್ಯಾಸದಂತೆ ಕೈಮುಗಿದು ಹಿಂದಿಂದಕ್ಕೆ ಹೆಜ್ಜೆಯಿಟ್ಟರು. ಕೆಳಗೆ ಸಾಹುಕಾರರು, "ತಾನುಗಳನ್ನೆಲ್ಲ ಒಳಗಿಡ್ರೋ!" ಎಂದು ಕೂಗಿದ್ದು ಕೇಳಿಸಿತು.

"ತಿರುಗಿ ಇಳೀರಿ," ಎಂದರು ಹೆಂಡತಿ.

ನಾನು ನನ್ನ ಕಣ್ಣನ್ನೇ ನಂಬಲಿಲ್ಲ. ಯಜಮಾನರು ತಿರುಗಿದರು. ನನಗೆ ಬೆನ್ನು ತೋರಿಸಿ, ಎಲ್ಲರ ಹಾಗೆ, ಒಂದೊಂದೇ ಮೆಟ್ಟಿಲು ಇಳಿದು ಹೋದರು.

"ಏನಮ್ಮಾ ಇದು ಆಶ್ಚರ್ಯ!" ಎಂದೆ.

ಆಕೆ ಮೆಟ್ಟಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಪಾಲಿಸಿ ಇಂಗ್ಲಿಷಲ್ಲಿದೆ, ಅವ್ರಿಗೆ ಓದೋಕೆ ಬರಲ್ಲ. ಮನೇಲೂ ನನ್ನ ಮಾತೇ ನಡೀಬೇಕು ಅನ್ನೋದೂ ಅದ್ರ ಷರತ್ತು ಅಂತ ಹೇಳಿಟ್ಟಿದೀನಿ. ಕಾರು ಇರ್ಲಿ, ಹೋಗ್ಲಿ, ನೀವು ವರ್ಷ ವರ್ಷ ರಿನ್ಯೂ ಮಾಡೋದು ಮಾತ್ರ ತಪ್ಪಿಸಬೇಡಿ ಸ್ವಾಮಿ."