ಕ್ಯಾಲ್ಕುಲೇಟರಿಗೆ ನಾನು ಹಾಕಿದ ಚಾರ್ಜು

ಕಡೂರು ಬಸ್ ಸ್ಟ್ಯಾಂಡಿನ ಪಕ್ಕ ಹನ್ನೆರಡು ವರ್ಷದಿಂದ ಚಾರ್ಜರ್ ಮಾರುತ್ತಿರುವ ನನ್ನ ಮುಂದೆ ಯಾವ ಬ್ಯಾಟರಿಯೂ ಬಾಲ ಬಿಚ್ಚುವಂತಿಲ್ಲ! ಹಾಗಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಹೆಂಡತಿ ಹೇಮಶ್ರೀಯ ಕ್ಯಾಲ್ಕುಲೇಟರನ್ನು ಸಾಕುವ ಹೊಣೆಯನ್ನೂ ಅದೇ ಹುರುಪಿನಲ್ಲಿ ಹೊತ್ತುಕೊಂಡೆ.

ಅವಳು ಹೊಸದಾಗಿ ಲೈಸೆನ್ಸ್ ಪಡೆದ ಸರ್ವೇಯರ್. ಸೋಮವಾರ ಅಜ್ಜಂಪುರದ ಹತ್ತಿರ ಅವಳ ಮೊದಲ ಅಳತೆ. ಹೊಲದವರು ಅಣ್ಣ ಮಲ್ಲಿಕಾರ್ಜುನಪ್ಪ, ತಮ್ಮ ನಂಜುಂಡಪ್ಪ; ಎಂಟು ವರ್ಷದಿಂದ ಪರಸ್ಪರ ಮಾತಿಲ್ಲ. ಹೇಗೋ ಹೊಲ ಪಾಲು ಮಾಡಿಕೊಳ್ಳಲು ಒಪ್ಪಿದ್ದರು. ಅಂದು ಅಳತೆ ಕೆಟ್ಟರೆ ಒಪ್ಪಿಗೆಯೂ ಕೆಡುತ್ತದೆ, ಇವಳ ಹೆಸರೂ ಕೆಡುತ್ತದೆ. ಇವಳ ಸೂತ್ರಗಳೆಲ್ಲ ಇದ್ದದ್ದು ಆ ಕ್ಯಾಲ್ಕುಲೇಟರಿನಲ್ಲೇ.

ಅದರ ತಲೆಯಲ್ಲೊಂದು ತೂತು, ತೂತಿಗೊಂದು ಕೇಬಲ್. ಚಾರ್ಜ್ ಆಗಲೆಂದು ಶನಿವಾರ ಕಂಪ್ಯೂಟರಿಗೆ ಚುಚ್ಚಿಟ್ಟೆ. ಭಾನುವಾರ ಬೆಳಿಗ್ಗೆ ಉಸಿರಿಲ್ಲ. ಅಂಗಡಿಯಿಂದ ಹೊಸ ನಾಲ್ಕು ಸೆಲ್ ತಂದು ಹಾಕಿ, ಪೂರ್ತಿ ತುಂಬಲೆಂದು ಮತ್ತೆ ಚುಚ್ಚಿದೆ. ಸಂಜೆಗೆ ಅವೂ ಶಿವನ ಪಾದ ಸೇರಿದವು.

"ರೀ, ಅದನ್ನ ಮುಟ್ಬೇಡಿ ಅಂದ್ರೆ ಕೇಳಲ್ವಲ್ಲ ನೀವು."

"ಬ್ಯಾಟರಿ ವಿಷ್ಯ ನಂಗೇ ಹೇಳ್ಕೊಡ್ತೀಯೇನೇ?"

ಟಿವಿ ರಿಮೋಟಿನಿಂದ ಎರಡು, ಅತ್ತೆಯ ಬಿ.ಪಿ. ಮಿಷನ್ನಿನಿಂದ ಎರಡು ಸೆಲ್ ಕಿತ್ತು ಅದಕ್ಕೆ ಹಾಕಿದೆ. ಅತ್ತೆಯ ಧಾರಾವಾಹಿ ನಿಂತಿತು. ಅದರಿಂದ ಬಿ.ಪಿ. ಎಷ್ಟು ಏರಿತೆಂದು ನೋಡುವ ದಾರಿಯೂ ಉಳಿಯಲಿಲ್ಲ.

ಸೋಮವಾರ ಬ್ಯಾಗು ಹೊರಲು ನಾನೇ ಹೊರಟೆ. ಬಸ್ಸಿನಲ್ಲಿ ಅವಳಿಗೆ ಗೊತ್ತಾಗದಂತೆ, ಬ್ಯಾಗಿನೊಳಗೇ ಪವರ್ ಬ್ಯಾಂಕಿಗೆ ಕ್ಯಾಲ್ಕುಲೇಟರ್ ಜೋಡಿಸಿದೆ.

ಹೊಲದಲ್ಲಿ ತೆರೆದರೆ ಪರದೆ ಖಾಲಿ. ಹೇಮಶ್ರೀ ಕೇಬಲ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಇದು ಚಾರ್ಜ್ ಮಾಡೋ ತೂತಲ್ಲ ಕಣ್ರೀ, ಲೆಕ್ಕಾನ ಕಂಪ್ಯೂಟರಿಗೆ ಕಳ್ಸೋದು. ತಂತಿ ಇದ್ದಷ್ಟೊತ್ತೂ ಯಾರೋ ಕರೀತಾರೆ ಅಂತ ನಿದ್ದೆಗೆಟ್ಟು ಕಾಯ್ತಾ ಕೂತಿರುತ್ತೆ. ಸೆಲ್ಲೆಲ್ಲ ಅದಕ್ಕೇ ಖರ್ಚಾಗೋಗುತ್ತೆ."

ಮೂರು ದಿನದಿಂದ ನಾನು ತುಂಬಿಸುತ್ತಿರಲಿಲ್ಲ, ಬಸಿಯುತ್ತಿದ್ದೆ! ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಹಂಗಾದ್ರೆ ಕೇಬಲ್ ತಿರುಗಿಸಿ ಹಾಕಿ ನೋಡೋಣ್ವಾ?"

ಅವಳು ಕೇಬಲ್ ಕಿತ್ತು ಬದಿಗಿಟ್ಟಳು. ನಂಜುಂಡಪ್ಪನವರು ಪಂಪ್‌ಸೆಟ್ ಮನೆಯ ಪುಟ್ಟ ಟಾರ್ಚಿನಿಂದ ಎರಡು ಸೆಲ್ ತಂದುಕೊಟ್ಟರು. ಅದನ್ನು ನೋಡಿ ಮಲ್ಲಿಕಾರ್ಜುನಪ್ಪನವರು ಜೊತೆಗೆ ತಂದಿದ್ದ ಪುಟ್ಟ ರೇಡಿಯೋದಿಂದ ಎರಡು ಬಿಚ್ಚಿಕೊಟ್ಟರು. ಪರದೆಗೆ ಜೀವ ಬಂತು. ನನ್ನ ಕೈ ಅಭ್ಯಾಸಬಲದಿಂದ ಕೇಬಲ್ಲಿನ ಕಡೆ ಹೋಯಿತು.

ಎಂಟು ವರ್ಷದ ಮೇಲೆ ಮಲ್ಲಿಕಾರ್ಜುನಪ್ಪನವರು ನಂಜುಂಡಪ್ಪನವರ ಕಡೆ ತಿರುಗಿ ಬಾಯಿ ಬಿಟ್ಟರು.

"ಲೇ ನಂಜುಂಡ, ಈವಯ್ಯನ ಆ ಕಡೆ ಕೈ ನೀ ಹಿಡ್ಕ, ಈ ಕಡೇದು ನಾ ಹಿಡ್ಕಂತೀನಿ. ಆಯಮ್ಮ ಅಳತೆ ಮುಗಿಸ್ಲಿ."